ಇಲಿಯಲ್ಲಿ ಬೆಳೆಯದ ನನ್ನ ಗಡ್ಡೆ

ಅದು 2007ರ ಬೇಸಿಗೆ. ಅಂತರಸನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದ ನನಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗಿ, ಆಪರೇಷನ್‌ಗೆ ಬೆಂಗಳೂರಿನ ಆಸ್ಪತ್ರೆ ಸೇರಿದ್ದೆ. ಪಕ್ಕದ ಮಂಚದಲ್ಲಿ ಕುಣಿಗಲ್‌ನ ರಹಮತ್ ಭಾಯ್. ಬೀಗ ರಿಪೇರಿ ಅಂಗಡಿಯವರು. ಅವರಿಗೂ ಅದೇ ಕಾಯಿಲೆ. ಒಂದೇ ಜಿಲ್ಲೆಯವರೆಂದು ಬೇಗ ದೋಸ್ತಿಯಾಯಿತು.

ಆಪರೇಷನ್‌ಗೆ ಮುಂಚೆ ಡಾಕ್ಟರಮ್ಮ ಬಂದು ಇಬ್ಬರಿಗೂ ವಿವರಿಸಿದರು. ತೆಗೆದ ಗಡ್ಡೆಯ ಚೂರನ್ನು ಇಲಿಯ ಚರ್ಮದ ಕೆಳಗಿಟ್ಟು ಬೆಳೆಸುತ್ತಾರಂತೆ. ಬೆಳೆದರೆ ಆ ಇಲಿಗಳಿಗೆ ಬೇರೆ ಬೇರೆ ಔಷಧಿ ಕೊಟ್ಟು, ಯಾವುದಕ್ಕೆ ಗಡ್ಡೆ ಕರಗುತ್ತದೆಂದು ನೋಡುತ್ತಾರಂತೆ. "ಇದಿನ್ನೂ ಸಂಶೋಧನೆ. ನಿಮಗೆ ಉಪಯೋಗ ಆಗೇ ಆಗುತ್ತೆ ಅಂತ ಹೇಳಕ್ಕಾಗಲ್ಲ" ಎಂದರು. ಆ ಮಾತು ನನ್ನ ಕಿವಿಗೇ ಬೀಳಲಿಲ್ಲ. ನಮ್ಮಲ್ಲಿ ಯಾವ ಆರ್ಡರ್ ಬಂದರೂ ಮೊದಲು ಒಂದು ಸ್ಯಾಂಪಲ್ ಪೀಸ್ ಮಾಡುತ್ತೇವೆ. ಅಳತೆ ಸರಿಯಿದ್ದರೆ ಮುಂದಿನ ಕೆಲಸ, ಇಲ್ಲದಿದ್ದರೆ ರಿಜೆಕ್ಟ್. ಇದೂ ಹಾಗೇ ಅಂದುಕೊಂಡು ಸಹಿ ಹಾಕಿದೆ.

ಆಪರೇಷನ್ ಆಗಿ ಎರಡು ತಿಂಗಳ ಮೇಲೆ ಎರಡನೇ ಕೀಮೋಗೆ ಹೋದಾಗ ವಿಷಯ ತಿಳಿಯಿತು. ಭಾಯ್ ಅವರ ಚೂರು ಇಲಿಯಲ್ಲಿ ಚೆನ್ನಾಗಿ ಬೆಳೆದಿದೆ. ನನ್ನದು ಬೆಳೆದೇ ಇಲ್ಲ.

ಮೈಯೆಲ್ಲ ಉರಿದುಹೋಯಿತು. ಅವರಿಗೆ ಅಳತೆ ತೆಗೆದು ಹೊಲಿದಂಥ ಔಷಧಿ, ನನಗೆ ಊರಿಗೆಲ್ಲ ಕೊಡುವ ಔಷಧಿ. ನಾನು ರಿಜೆಕ್ಟ್ ಆದ ಪೀಸು! ಅರ್ಧ ಹೊಟ್ಟೆ ಕತ್ತರಿಸಿದ್ದರೂ ಹೊಟ್ಟೆಕಿಚ್ಚಿಗೇನೂ ಕಡಿಮೆಯಿರಲಿಲ್ಲ.

"ಏನ್ ಶಿವಣ್ಣ, ನಮ್ ಇಲಿ ಪಾಸಾಯ್ತಂತೆ!" ಎಂದು ಕೀಮೋಗೆ ಬಂದಿದ್ದ ಭಾಯ್ ಪಕ್ಕದ ಮಂಚದಿಂದ ನಕ್ಕರು. "ನಿಮ್ದೂ ಆಯ್ತದೆ ಬುಡಿ, ಯಾಕ್ ಮುಖ ಸಣ್ಣಗ್ ಮಾಡ್ಕೊಂಡಿದೀರಾ?"

ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅವರ ಹೆಂಡತಿ ನನಗೂ ಸೇರಿಸಿ ತರುತ್ತಿದ್ದ ಗಂಜಿಯನ್ನು ಆಮೇಲೆ ಮುಟ್ಟಲಿಲ್ಲ.

"ಪಾಪ, ಆ ಮನ್ಷ ಏನ್ ಮಾಡವ್ರೆ ನಿಮ್ಗೆ? ಸಾಯೋ ಕಾಯ್ಲೇಲೂ ಪೈಪೋಟಿನಾ?" ಎಂದು ನನ್ನ ಹೆಂಡತಿ ಬೈದಳು. ಭಾಯ್ ಅವರ ಇಲಿಗಳೆಲ್ಲ ಸತ್ತರೆ ಮುಡಿ ಕೊಡುತ್ತೇನೆಂದು ಗುಬ್ಬಿ ಕಡೆಯ ನಮ್ಮ ಮನೆದೇವರಿಗೆ ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ. ಕೀಮೋಗೆ ತಲೆಯಲ್ಲಿ ಕೂದಲೇ ಉಳಿದಿಲ್ಲ ಎಂಬುದೂ ಆಗ ನೆನಪಾಗಲಿಲ್ಲ.

ಇನ್ನೆರಡು ತಿಂಗಳ ನಂತರ ಹೋದರೆ ಭಾಯ್ ಕಾಣಲಿಲ್ಲ. "ಇಲಿ ಹೇಳಿದ ಔಷಧಿ ಶುರುವಾಯ್ತಾ ಅವ್ರಿಗೆ?" ಎಂದು ಡಾಕ್ಟರಮ್ಮನನ್ನು ಕೇಳಿದೆ.

"ಹೋದ ವಾರ ತೀರ್ಕೊಂಡ್ರು. ಇಲಿಗಳ ಪರೀಕ್ಷೆ ಇನ್ನೂ ಮುಗಿದೇ ಇಲ್ಲ."

"ಚೆನ್ನಾಗ್ ಬೆಳೀತು ಅಂದಿದ್ರಲ್ಲ ಮೇಡಂ?"

"ಅದೇ ನೋಡಿ. ಜೋರಾಗಿರೋ ಗಡ್ಡೆನೇ ಹೆಚ್ಚಾಗಿ ಇಲೀಲಿ ಬೇಗ ಬೆಳೆಯೋದು. ಅವ್ರ ಮೈಯಲ್ಲೂ ಹಂಗೇ ಬೆಳೀತು. ನಿಮ್ದು ಬೆಳೀದೇ ಇದ್ದಿದ್ದು ಒಳ್ಳೇದೇ ಇರ್ಬೋದು."

ನಾನು ಇಷ್ಟು ದಿನ ಕರುಬಿದ್ದು ಅವರ ಸಾವಿಗೆ ಎಂದು ಆಗ ತಿಳಿಯಿತು.

ಊರಿಗೆಲ್ಲ ಕೊಡುವ ಔಷಧಿಯಲ್ಲೇ ನಾನು ಉಳಿದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಕುಣಿಗಲ್‌ಗೆ ಹೋಗಿ ಭಾಯ್ ಮನೆ ಹುಡುಕಿದೆ. ಅವರ ಹೆಂಡತಿ ನನ್ನನ್ನು ನೋಡಿ ಕಣ್ಣೊರೆಸಿಕೊಂಡರು. "ಶಿವಣ್ಣಂದೂ ಇಲೀಲಿ ಬೆಳೀಲಿ ಅಂತ ಕೊನೇವರ್ಗೂ ದುವಾ ಮಾಡ್ತಿದ್ರು ಅಣ್ಣಾ" ಎಂದರು.

ನಾನು ದೇವರಲ್ಲಿ ಏನು ಕೇಳಿಕೊಂಡಿದ್ದೆ ಎಂದು ಇವತ್ತಿಗೂ ಆ ತಾಯಿಗೆ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ.