ಕೊಲೆಗಾರ ಯಾರೆಂಬ ಆಟ

ನ್ಯೂಜೆರ್ಸಿಯ ನಮ್ಮವರು ಒಟ್ಟು ಸೇರಿದಾಗಲೆಲ್ಲ 'ಆಗಿನ ಕಾಲವೇ ಕಾಲ' ಎಂದು ನಿಟ್ಟುಸಿರು ಬಿಡುತ್ತಾರೆ. ಕಂಪ್ಯೂಟರ್ ಕಲಿತವರೆಲ್ಲ ವಿಮಾನ ಹತ್ತಿ ಬಂದ ಕಾಲ. ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟುಗಳಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಿದ್ದ ಕಾಲ. ಎಷ್ಟು ಒಗ್ಗಟ್ಟಿತ್ತು ಅಂತಾರೆ. ಏನು ಒಗ್ಗಟ್ಟೋ, ಮಣ್ಣು! ನನಗೆ ನೆನಪಾಗುವುದು ಒಂಬತ್ತನೇ ವಯಸ್ಸಿನ ಆ ಬೇಸಿಗೆ ರಜೆ.

ಅಮ್ಮನಿಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಮೈಸೂರಿನಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದುತ್ತಿದ್ದವಳು ಇಲ್ಲಿ ಲೈಬ್ರರಿಯಿಂದ ಹಳೆಯ ಬ್ರಿಟಿಷ್ ಸಿನಿಮಾಗಳ ಕ್ಯಾಸೆಟ್ ತರುತ್ತಿದ್ದಳು. ಅಮೆರಿಕದವರ ಇಂಗ್ಲಿಷ್ ಬಾಯೊಳಗೇ ಉಳಿಯುತ್ತದೆ, ಇವರದು ಬಿಡಿಬಿಡಿಯಾಗಿ ಕೇಳುತ್ತದೆ ಅನ್ನುವಳು. ಮಧ್ಯಾಹ್ನ ಕೆಳಗಿನ ಮನೆಯ ಸುಧಾ ಆಂಟಿ ಬಿಸಿಬಿಸಿ ಒಗ್ಗರಣೆ ಚುರುಮುರಿ ಹಿಡಿದು ಮೇಲೆ ಬರುವರು. ಧಾರವಾಡದವರು, ಮದುವೆಯಾಗಿ ಬಂದು ವರ್ಷವೂ ಆಗಿರಲಿಲ್ಲ. ಕರ್ಟನ್ ಎಳೆದು ಮೂವರೂ ಕಾರ್ಪೆಟ್ಟಿನ ಮೇಲೆ ಕೂರುತ್ತಿದ್ದೆವು.

ಒಂದು ದಿನ ಹಾಕಿದ್ದು ಯಾವುದೋ ಕಾದಂಬರಿಯಿಂದ ಮಾಡಿದ ಕಪ್ಪು-ಬಿಳುಪು ಚಿತ್ರ. ಲಂಡನ್ನಿನ ಮಂಜು, ದೊಡ್ಡ ಮನೆ, ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದ ಹೆಂಡತಿ. ಗಂಡ, ಡಾಕ್ಟರು, ಅಡುಗೆಯವಳು, ಎಲ್ಲರ ಮೇಲೂ ಅನುಮಾನ. ನಡುವೆ ಟೇಪ್ ನಿಲ್ಲಿಸಿ ಕೊಲೆಗಾರ ಯಾರೆಂದು ಹೇಳುವುದು ನಮ್ಮ ಆಟ.

"ಇಟ್ಸ್ ದ ಕುಕ್!" ಎಂದೆ ನಾನು.

"ಗಂಡನ ಇರಬೇಕ್ರಿ, ಅಕ್ಕಾರ," ಎಂದರು ಆಂಟಿ. "ಅವನ ಕಣ್ಣು ನೋಡ್ರಿ."

ಅಮ್ಮ ನಕ್ಕಳು. "ಅಯ್ಯೋ ಪೆದ್ದಿ, ಮೊದಲು ಯಾರ ಮೇಲೆ ಅನುಮಾನ ಬರುತ್ತೋ ಅವನು ಯಾವತ್ತೂ ಆಗಿರಲ್ಲ. ಅಷ್ಟು ಸುಲಭ ಆದ್ರೆ ಕಥೆ ಬರೆದೋರಿಗೇನು ಕೆಲಸ? ಡಾಕ್ಟರೇ, ನೋಡ್ತಿರು."

ಆಂಟಿ ಚುರುಮುರಿ ಬಟ್ಟಲಿಗೆ ಕೈ ಚಾಚಿದರು. ಅಂಥ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿದ್ದರು. ತೋಳು ಸರಿದಾಗ ನೀಲಿಗಟ್ಟಿದ ಚರ್ಮ ಕಂಡಿತು. "ಬಾಗಲಾ ಬಡೀತ್ರಿ," ಎಂದು ಎಳೆದುಕೊಂಡರು. ಅಂಕಲ್ ಬರುವ ಹೊತ್ತಾಯಿತೆಂದು ಅರ್ಧಕ್ಕೇ ಎದ್ದು ಹೋದರು. ಕೊನೆಗೆ ಕೊಲೆಗಾರ ಡಾಕ್ಟರೇ ಆಗಿದ್ದ. ಅಮ್ಮ ಗೆದ್ದಳು.

ಮರುದಿನ ಆಂಟಿ ಬರಲಿಲ್ಲ. ಮೇಲ್‌ಬಾಕ್ಸ್ ಹತ್ತಿರ ಸಿಕ್ಕ ಅಂಕಲ್ ಅಮ್ಮನಿಗೆ, "ಸುಧಾ ಇಂಡಿಯಾಕ್ಕ ಹೋದ್ಲ್ರಿ. ಅವರಪ್ಪಗ ಆರಾಮಿಲ್ಲ," ಎಂದು ನನ್ನ ತಲೆ ಸವರಿದರು.

ಅಮ್ಮನಿಗೆ ನಂಬಿಕೆ ಬರಲಿಲ್ಲ. ಇಂಡಿಯಾಕ್ಕೆ ಹೊರಟವರು ಬೇರೆಯವರ ಗಂಟು ಹೊರದೆ ಹೊರಡುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಸಾವಿನ ಸುದ್ದಿ ಕೇಳಿ ಓಡುವವರ ಸೂಟ್‌ಕೇಸಿಗೂ ಯಾರಾದರೂ ವಿಟಮಿನ್ ಡಬ್ಬಿ, ಚಾಕೊಲೇಟ್ ತುರುಕುತ್ತಿದ್ದರು. ಊರಿನ ಅಜ್ಜಿಗೆ ಕಳಿಸಲು ಮಂಡಿನೋವಿನ ಮಾತ್ರೆಗಳನ್ನು ಅಮ್ಮ ಕಟ್ಟಿಟ್ಟಿರುವುದು ಆಂಟಿಗೆ ಚೆನ್ನಾಗಿ ಗೊತ್ತಿತ್ತು.

"ಮಾತ್ರೆ ಕೇಳದೆ ಸುಧಾ ಹೋಗೋಳಲ್ಲ ಕಣ್ರೀ," ಎಂದಳು ಅಪ್ಪನಿಗೆ. "ಅವಳು ಆ ಮನೇಲೇ ಇದ್ದಾಳೆ. ಪೊಲೀಸ್‌ಗೆ ಫೋನ್ ಮಾಡೋಣ."

"ಸಿನಿಮಾ ನೋಡಿ ನೋಡಿ ತಲೆ ಕೆಟ್ಟಿದೆ ನಿಂಗೆ. ಅವನು ನನ್ನ ಟೀಮ್ ಲೀಡ್. ನಮ್ಮ ಗ್ರೀನ್ ಕಾರ್ಡ್ ಪೇಪರ್ಸ್ ಇನ್ನೂ ಫೈಲ್ ಆಗಿಲ್ಲ. ಊರ ಉಸಾಬರಿ ನಮಗ್ಯಾಕೆ?"

ಅಕ್ಕಪಕ್ಕದ ಆಂಟಿಯರನ್ನು ಕೇಳಿದರೆ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಬಿಡಿ," ಎಂದರು. ಅಮ್ಮ ನನ್ನನ್ನು ಕರೆದುಕೊಂಡು ಆ ಬಾಗಿಲವರೆಗೆ ಹೋದಳು. ಬಡಿಯಲು ಕೈ ಎತ್ತಿದಳು. "ಛೇ, ಅಷ್ಟು ಮರ್ಯಾದಸ್ಥ ಮನುಷ್ಯ," ಎಂದುಕೊಂಡು ವಾಪಸ್ ಬಂದಳು. ಮನೆ ಬಿಕೋ ಅನ್ನುತ್ತದೆಂದು ಆಮೇಲೆ ದಿನವಿಡೀ ಟಿವಿ ಹಾಕಿಡುತ್ತಿದ್ದಳು.

ವಾರ ದಾಟಿದ ಮೇಲೆ ಒಂದು ಭಾನುವಾರ ಧಾರವಾಡದಿಂದ ಫೋನ್ ಬಂತು. ಎತ್ತಿದ್ದು ಅಮ್ಮ, ಆ ಕಡೆಯವರು ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ ನನಗೂ ಕೇಳಿಸಿತು.

"ನಾ ಸುಧಾನ ಅಪ್ಪಾರಿ. ಈ ನಂಬರ್ ಆಕಿನ ಕೊಟ್ಟಿದ್ಲು. ಆಕಿ ಫೋನ್ ಎತ್ತವಲ್ಲಳು. ಆರಾಮ ಅದಾಳೇನ್ರಿ ನಮ್ಮ ಹುಡುಗಿ?"

"ನೀವು... ನಿಮಗೆ ಹುಷಾರಿಲ್ಲ ಅಂತ..."

"ನನಗೇನಾಗೇದ್ರಿ? ಗಟ್ಟಿ ಇದ್ದೀನಿ."

ಅಮ್ಮ ಫೋನ್ ಇಟ್ಟಳು. ಅಪ್ಪನ ಮುಖವನ್ನೂ ನೋಡದೆ ಪೊಲೀಸರಿಗೆ ಡಯಲ್ ಮಾಡಿದಳು.

ಆಂಟಿ ಬೆಡ್‌ರೂಮಿನಲ್ಲಿದ್ದರು, ಗಂಡ ಹೊಡೆದ ಏಟಿಗೆ ಕಾಲು ಮುರಿದು. ಒದರಿದರೆ ಕೊಂದೇಬಿಡುತ್ತೇನೆ ಎಂದಿದ್ದನಂತೆ ಆ ಪಾಪಿ. ಅವನನ್ನು ಕೈಕೋಳ ಹಾಕಿ ಕರೆದೊಯ್ದರು. ಹಿಂದೆಯೇ ಸ್ಟ್ರೆಚರ್ ಬಂತು. ಒಗ್ಗಟ್ಟಿನ ನಮ್ಮ ಜನವೆಲ್ಲ ಬಾಲ್ಕನಿಗಳಲ್ಲೇ ನಿಂತು ನೋಡಿತು. ಅಮ್ಮ ಅಳುತ್ತಾ ಓಡಿ ಆಂಟಿಯ ಕೈ ಹಿಡಿದುಕೊಂಡಳು.

ಆಂಟಿಯ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ದಿನಾ ಮ್ಯಾಲೆ ನಿಮ್ಮ ಟಿವಿ ಸಪ್ಪಳಾ ಕೇಳ್ತಿತ್ರಿ, ಅಕ್ಕಾರ. ಇವತ್ತ ಬರ್ತೀರಿ, ನಾಳೆ ಬರ್ತೀರಿ ಅಂತ ಹಾದಿ ನೋಡ್ತಿದ್ದೆ."

ಆಸ್ಪತ್ರೆಯಿಂದ ಅವರು ತವರಿಗೆ ಹೋದರು. ಕಾಲು ನೆಟ್ಟಗಾಗಲಿಲ್ಲವಂತೆ. ಅಮ್ಮ ಫೋನ್ ಮಾಡಿದರೆ ಮಾತಾಡಲು ಬರಲಿಲ್ಲ. ಅಪ್ಪನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಗ್ರೀನ್ ಕಾರ್ಡೂ ಬಂತು, ಸ್ವಂತ ಮನೆಯೂ ಆಯಿತು. ಆದರೆ ಅಮ್ಮನಿಗೆ ಆಮೇಲೆ ಒಬ್ಬ ಗೆಳತಿಯೂ ಇಲ್ಲ. ಅಷ್ಟು ನಗುತ್ತಿದ್ದ ಹೆಂಗಸು ಎಲ್ಲಿ ಹೋದಳೋ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಮದುವೆಯಾದ ಕನ್ನಡದ ಹುಡುಗಿ ಬಂದಿದ್ದಾಳೆ. ಹೋಗಿ ಮಾತಾಡಿಸಮ್ಮ ಎಂದೆ.

"ಬೇಡ ಕಣೆ," ಎಂದಳು ಅಮ್ಮ. "ಕಷ್ಟಕ್ಕೆ ನಾನಿದೀನಿ ಅಂತ ಅವಳು ನಂಬಿಬಿಟ್ರೆ?"