ರಾಜಾರಾಮನದಲ್ಲದ ಚಾಲ

ಬಾಬಾಸಾಹೇಬರ ಜಯಂತಿಯ ಆ ಪ್ರಸಿದ್ಧ ಧಾಟಿಯನ್ನು ರಾಜಾರಾಮ ಕಟ್ಟಿದ್ದಲ್ಲ ಎಂದು ಹೇಳುವವನು ಕುಡಚಿಯಲ್ಲಿ ಒಬ್ಬನೇ ಇದ್ದ. ಅವನು ಸ್ವತಃ ರಾಜಾರಾಮ. ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ದೊಡ್ಡ ಕಲಾವಿದರು ತಮ್ಮದನ್ನು ತಮ್ಮದು ಎನ್ನುವುದಿಲ್ಲ ಎಂದು ಜನ ಅವನನ್ನು ಇನ್ನಷ್ಟು ಹೊಗಳುತ್ತಿದ್ದರು.

ರಾಜಾರಾಮ ದನದ ದವಾಖಾನೆಯಲ್ಲಿ ಜವಾನ. ಎತ್ತಿನ ಮೂಗುದಾರ ಹಿಡಿಯುವುದು, ಸೂಜಿ ಕುದಿಸುವುದು, ಡಾಕ್ಟರು ಎಲ್ಲಿ ಎಂದು ಕೇಳಿದವರಿಗೆ ಇನ್ನೇನು ಬರುತ್ತಾರೆ ಎನ್ನುವುದು, ಇಷ್ಟು ಅವನ ಕೆಲಸ. ಹೆಚ್ಚು ಹೊತ್ತು ಹೋಗುತ್ತಿದ್ದುದು ಮೂರನೆಯದಕ್ಕೆ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವುದನ್ನು ತಾನೇ ಕಲಿತಿದ್ದ. ಮಿರಜಿಗೆ ಹೋಗಿ ಮೊಳದುದ್ದದ ಸೆಲ್ಲಿನ ಕೀಬೋರ್ಡೊಂದನ್ನು ತಂದು ದವಾಖಾನೆಯ ಔಷಧದ ಕಪಾಟಿನಲ್ಲಿ ಇಟ್ಟುಕೊಂಡಿದ್ದ. ಮನೆಯಲ್ಲಿ ಇಡುವ ಧೈರ್ಯವಿರಲಿಲ್ಲ. ಮನೆಯಲ್ಲಿ ಅವ್ವ ತುಳಸವ್ವ ಇದ್ದಳು.

ತುಳಸವ್ವನಿಗೆ ಅಕ್ಷರ ಬರದಿದ್ದರೂ ಕಿವಿ ಭಾರೀ ಚುರುಕು. ಕೇರಿಯ ಹೆಂಗಸರ ಹಾಡಿಗೆಲ್ಲ ಅವಳೇ ಮುಂದಾಳು. ಸ್ವರ ಒಂದು ಕೂದಲೆಳೆ ಸರಿದರೂ ಅನ್ನದಲ್ಲಿ ಹರಳು ಸಿಕ್ಕಂತೆ ಮುಖ ಮಾಡುತ್ತಿದ್ದಳು. ಮಗ ಇಷ್ಟು ವರ್ಷ ಬಾರಿಸಿದ್ದನ್ನೆಲ್ಲ ಕೇಳಿ ಅವಳು ಹೇಳಿದ್ದು ಒಂದೇ ಮಾತು: "ಬರೇ ಬೆರಳ ಆಡಸ್ತಿ. ಹಾಡ ಅಲ್ಲ ಅದು." ಒಮ್ಮೆಯಾದರೂ ಅವಳ ಬಾಯಿಂದ 'ಚಲೋ ಐತಿ' ಅನ್ನಿಸಿಕೊಳ್ಳಬೇಕೆಂಬುದು ರಾಜಾರಾಮನ ಆಸೆ. ನೌಕರಿ ಸಿಕ್ಕಿತ್ತು, ಸುಗಂಧಾಳಂಥ ಹೆಂಡತಿ ಸಿಕ್ಕಿದ್ದಳು, ಇದೊಂದು ಸಿಕ್ಕಿರಲಿಲ್ಲ.

ಆಗ, ತೊಂಬತ್ತೈದರ ಸುಮಾರಿಗೆ, ಅಪ್ಪಾಸಾಬ ಸ್ಟೇಷನ್ ರಸ್ತೆಯಲ್ಲಿ ಎರಡು ಟೀವಿ ಇಟ್ಟು ವಿಡಿಯೋ ಗೇಮಿನ ಅಂಗಡಿ ತೆರೆದ. ಎಲ್ಲರೂ ಆಡಲು ಬಂದರೆ ರಾಜಾರಾಮ ಕೇಳಲು ಬರುತ್ತಿದ್ದ. ಪರದೆಯ ಮೇಲೆ ಗಿಡ್ಡ ಮನುಷ್ಯನೊಬ್ಬ ಗೋಡೆ ಜಿಗಿಯುತ್ತಿದ್ದ, ಹಿಂದೆ ಟಿಂ ಟಿಂ ಎಂದು ಸಂಗೀತ. ನಾಲ್ಕೇ ದನಿಯಲ್ಲಿ ಎಷ್ಟು ಕೆಲಸ ಮಾಡಿದ್ದಾನಪ್ಪ ಈ ಪುಣ್ಯಾತ್ಮ ಎಂದು ರಾಜಾರಾಮ ಬೆರಗಾದ. ತೊಂದರೆಯೆಂದರೆ, ಆಡುವವನು ಗೆದ್ದರೆ ಆಟ ಮುಂದಿನ ಹಂತಕ್ಕೆ ಹೋಗಿ ಧಾಟಿ ಬದಲಾಗುತ್ತಿತ್ತು, ಸತ್ತರೆ ನಿಂತೇ ಹೋಗುತ್ತಿತ್ತು. ರಾಜಾರಾಮನಿಗೆ ಬೇಕಾಗಿದ್ದುದು ಗೆಲ್ಲದ, ಸಾಯದ ಆಟಗಾರ. ಅಂಥವನು ಊರಲ್ಲಿ ತಾನೊಬ್ಬನೇ ಎಂದು ತಿಳಿದು ತಾನೇ ಆಟಕ್ಕೆ ಕುಳಿತ. ಗಿಡ್ಡನನ್ನು ಮೊದಲ ಗೋಡೆಯ ಬುಡದಲ್ಲಿ ನಿಲ್ಲಿಸಿ, ಕೈಬಿಟ್ಟು, ಲಸಿಕೆಯ ಹಳೆಯ ಚೀಟಿಗಳ ಬೆನ್ನಿಗೆ ಸ ರಿ ಗ ಬರೆದುಕೊಳ್ಳುತ್ತಿದ್ದ. ಹೊತ್ತು ಮೀರಿ ಗಿಡ್ಡ ಬಿದ್ದರೆ ಮತ್ತೆ ಮೊದಲಿಂದ.

"ಒಂದೀಟ ಜಿಗಸ್ರಿ ಅವನ್ನ," ಎಂದು ಅಪ್ಪಾಸಾಬ ಅಂಗಲಾಚುತ್ತಿದ್ದ. "ನೋಡಿದ ಮಂದಿ ನನ್ನ ಮಷೀನ ಕೆಟ್ಟೈತಿ ಅಂತಾರ."

"ಅಂವ ನಿಂತ್ರನ ಹಾಡ ಪೂರಾ ಕೇಳಸ್ತೈತ್ರಿ," ಎನ್ನುತ್ತಿದ್ದ ರಾಜಾರಾಮ.

ಹಾಗೆ ಇಳಿಸಿಕೊಂಡದ್ದನ್ನು ಅವನು ಪೇಟಿಗೂ ಢೋಲಕಿಗೂ ಹೊಂದಿಸುತ್ತಿದ್ದ. ಕೇರಿಯಲ್ಲಿ ಮಾಯಪ್ಪನ ಗಾಯನ ಪಾರ್ಟಿ ಇತ್ತು, ರಾಜಾರಾಮ ಅದರ ಪೇಟಿಯವನು. ಪ್ರತಿ ವರ್ಷ ಬಾಬಾಸಾಹೇಬರ ಜಯಂತಿಗೆ ಕನ್ನಡದಲ್ಲೊಂದು ಮರಾಠಿಯಲ್ಲೊಂದು ಹೊಸ ಹಾಡು ಆಗಲೇಬೇಕು. ಈ ಸೀಮೆಯ ಪದ್ಧತಿಯಂತೆ ಪದ ಹೊಸದು, ಚಾಲ ಹಳೆಯದು. ಚಾಲ ಎಂದರೆ ಧಾಟಿ. ಅದನ್ನು ಯಾವುದಾದರೂ ಸಿನೆಮಾದಿಂದ ಎತ್ತಬೇಕು, ಎಲ್ಲಿಂದ ಎತ್ತಿದ್ದೆಂದು ಹಾಡುವ ಮುಂಚೆ ಮೈಕಿನಲ್ಲಿ ಹೇಳಬೇಕು. ಹೇಳಿ ಎತ್ತಿದರೆ ಕಲೆ, ಹೇಳದೆ ಎತ್ತಿದರೆ ಕಳ್ಳತನ. ಇದರಲ್ಲಿ ಮಾಯಪ್ಪ ಬಲು ಕಟ್ಟುನಿಟ್ಟು.

ತೊಂಬತ್ತಾರರ ಜಯಂತಿಗೆ ರಾಜಾರಾಮ ಗೋಡೆ ಜಿಗಿಯುವ ಚಾಲ ಕೊಟ್ಟ.

"ಎಲ್ಲಿಂದೋ ಇದು?" ಎಂದ ಮಾಯಪ್ಪ.

"ಅಪ್ಪಾಸಾಬನ ಅಂಗಡ್ಯಾಗಿನ ಗೇಮಿಂದು, ಕಾಕಾ."

"ಆಟದಾಗ ಎಲ್ಲಿ ಹಾಡ ಇರತಾವೋ. ನೀನ ಕಟ್ಟಿ, ಹೇಳಾಕ ನಾಚತಿ."

ಮಾಯಪ್ಪ ಮೈಕಿನಲ್ಲಿ "ಚಾಲ, ನಮ್ಮ ರಾಜಾರಾಮನ ಸ್ವಂತದ್ದು" ಎಂದು ಸಾರಿಬಿಟ್ಟ. ಆ ಹಾಡು ಜನರ ಬಾಯಿಗೆ ಹತ್ತಿದ್ದೇ ಹತ್ತಿದ್ದು. ಅಥಣಿಯಿಂದ, ಕಾಗವಾಡದಿಂದ, ನಿಪ್ಪಾಣಿಯಿಂದ ಪಾರ್ಟಿಗೆ ಕರೆ ಬಂತು. ಎಲ್ಲ ಕಡೆ ರಾಜಾರಾಮನಿಗೆ ಶಾಲು ಹೊದಿಸಿದರು. ಹೊದಿಸಿದಾಗಲೆಲ್ಲ ಅವನು "ಇದು ನಂದಲ್ರಿ" ಎನ್ನುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ತುಳಸವ್ವ ಮಾತ್ರ "ಜಿಗದಾಡತೈತಿ, ಎದಿಗಿ ಇಳ್ಯಾಂಗಿಲ್ಲ" ಎಂದಳು. ಊರಿನಲ್ಲಿ ಸತ್ಯಕ್ಕೆ ತೀರ ಹತ್ತಿರ ಬಂದವಳು ಅವಳೊಬ್ಬಳೇ.

ರಾಜಾರಾಮನ ಹತ್ತಿರ ತನ್ನದೇ ಆದ ಒಂದು ಚಾಲ ಇತ್ತು. ಎರಡು ವರ್ಷ ಮಧ್ಯಾಹ್ನದ ಹೊತ್ತು ದವಾಖಾನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕಟ್ಟಿದ್ದ. ನಿಧಾನದ್ದು, ಹೋಗುತ್ತ ಹೋಗುತ್ತ ಒಂದು ಕಡೆ ನಿಂತು ಹಿಂದಿರುಗಿ ನೋಡುವಂಥದ್ದು. ಆವರೆಗೆ ಅದನ್ನು ಕೇಳಿದ್ದು ಕಟ್ಟೆಗೆ ಕಟ್ಟಿದ ಕೋಣ, ಎಮ್ಮೆಗಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಗಾದೆ ಕಟ್ಟಿದವನು ಬಾರಿಸಿ ನೋಡಿದ್ದನೋ ಇಲ್ಲವೋ, ರಾಜಾರಾಮ ನೋಡಿದ್ದ. ಮರುವರ್ಷದ ಜಯಂತಿಗೆ ಅದನ್ನೇ ಮಾಯಪ್ಪನ ಮುಂದಿಟ್ಟ.

ಮಾಯಪ್ಪ ಕಣ್ಣು ಮುಚ್ಚಿ ಕೇಳಿದ. ಎರಡನೇ ಸಲ ಬಾರಿಸೆಂದ. ಆಮೇಲೆ ಕೇಳಿದ, "ಎಲ್ಲಿಂದು?"

"ಇದು ಖರೇನ ನಂದು, ಕಾಕಾ."

"ಸುಳ್ಳ ಹೇಳಬ್ಯಾಡ. ನಿನ್ನ ಕೈ ನನಗ ಗೊತ್ತಿಲ್ಲೇನ? ಹೋದ ವರ್ಷ ಹಾಕಿದಿ ನೋಡು, ಅದು ನಿಂದು. ಇದು ಯಾರೋ ದೊಡ್ಡಾವ್ರದು." ಮಾಯಪ್ಪನಿಗೆ ನಿಜವಾಗಿಯೂ ನೋವಾಗಿತ್ತು. "ನಾಳೆ ಮಿರಜಿನಾಂವ ಒಬ್ಬ ಎದ್ದ ನಿಂತು ನಮ್ಮದಂದ್ರ ಪಾರ್ಟಿ ಮಾನ ಹೋಗತೈತಿ. ಎಲ್ಲಿಂದ ತಂದಿ ಹೇಳು, ಹಾಡತೇನಿ. ಇಲ್ಲಂದ್ರ ಬ್ಯಾಡ."

ರಾಜಾರಾಮನಿಗೆ ಸಿಟ್ಟು ಬಂತು, ಅಳು ಬಂತು. ಪೇಟಿ ಮುಚ್ಚಿಕೊಂಡು ಎದ್ದು ಹೋಗಬಹುದಿತ್ತು. ಆದರೆ ಚಾಲ ಮತ್ತೆ ಎಮ್ಮೆಗಳ ಪಾಲಾಗುತ್ತಿತ್ತು, ಅವ್ವನ ಕಿವಿಗೆ ಎಂದೂ ಬೀಳುತ್ತಿರಲಿಲ್ಲ. "ಗೇಮಿಂದು," ಎಂದುಬಿಟ್ಟ. "ಹೊಸಾ ಕ್ಯಾಸೆಟ್ಟಿಂದು. ಪರದೇಶದ್ದು."

"ಮೊದಲ ಹೇಳಾಕ ಏನಾಗಿತ್ತು?" ಎಂದು ಮಾಯಪ್ಪ ಬೆನ್ನು ತಟ್ಟಿದ. ನಿಜ ಹೇಳಿದಾಗ ಎಂದೂ ನಂಬದವನು ಸುಳ್ಳನ್ನು ಒಂದೇ ಮಾತಿಗೆ ನಂಬಿದ.

ಜಯಂತಿಯ ಸಂಜೆ ಮೈಕಿನಲ್ಲಿ "ಚಾಲ, ಗೇಮಿಂದು" ಎಂದು ಸಾರಿ ಮಾಯಪ್ಪ ಆ ಚಾಲಿಗೆ ಹಾಡಿದ್ದು ಬಾಬಾಸಾಹೇಬರ ತಾಯಿಯ ಮೇಲಿನ ಪದ. ಗದ್ದಲದ ಮಂಟಪ ಮೆಲ್ಲಗೆ ಸುಮ್ಮನಾಯಿತು. ಹೆಂಗಸರ ಸಾಲಿನಲ್ಲಿ ಮುಂದೆ ಕುಳಿತಿದ್ದ ತುಳಸವ್ವ ತಲೆ ತಗ್ಗಿಸಿಕೊಂಡಿದ್ದಳು. ಇಷ್ಟವಾಯಿತೋ ನಿದ್ದೆ ಬಂತೋ ಪೇಟಿಯ ಹಿಂದಿನಿಂದ ತಿಳಿಯುವಂತಿರಲಿಲ್ಲ. ಜನ ಇನ್ನೊಮ್ಮೆ ಎಂದು ಕೂಗಿದರು, ಪಾರ್ಟಿ ಇನ್ನೊಮ್ಮೆ ಹಾಡಿತು.

ಮನೆಗೆ ಹೋಗುವ ದಾರಿಯಲ್ಲಿ ತಾಯಿ ಮಗನ ಮುಂದೆ ಮುಂದೆ ನಡೆದಳು. ಅವಳು ಗುನುಗುತ್ತಿದ್ದಾಳೆಂದು ರಾಜಾರಾಮನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಸ್ವರವೂ ತಪ್ಪಿರಲಿಲ್ಲ. ಬಾಗಿಲ ಮುಂದೆ ಅವಳು ನಿಂತಳು.

"ರಾಜಾ, ಆ ಕಡೀ ಹಾಡಿನ ಚಾಲ ಹಾಕಿದಾಂವ ಯಾಂವ?"

'ನಂದು, ಬೇ' ಎನ್ನಲು ಅವನು ಬಾಯಿ ತೆರೆದ. ತನ್ನದೆಂದರೆ ಮುಂದೆ ಬರಲಿದ್ದ ಮಾತು ಬಾರದೇ ಹೋದೀತೆಂದು ಹೆದರಿಕೆಯಾಯಿತು.

"ಯಾಂವೋ ಪರದೇಶದಾಂವ, ಬೇ."

"ಚಲೋ ಐತಿ," ಎಂದಳು ತುಳಸವ್ವ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅವನ ಹಡದಾಕಿ ಪುಣ್ಯಾ ಮಾಡ್ಯಾಳ ನೋಡು. ಹೊಟ್ಯಾಗ ಹುಟ್ಟಿದ್ರ ಅಂಥಾ ಮಗಾ ಹುಟ್ಟಬೇಕು."

"ಹೌದು ಬೇ," ಎಂದ ರಾಜಾರಾಮ.