ಅಕ್ಕನಿಗರ್ಧ ದೆವ್ವ, ತಂಗಿಗರ್ಧ

ಸ್ಯಾನ್ ಡಿಯಾಗೋದ ನಮ್ಮ ಸ್ಕ್ರಿಪ್ಸ್ ರ್ಯಾಂಚ್ ಬೀದಿಯ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಅಸ್ಥಿಪಂಜರಗಳು ಬಂದು ಕೂತವೆಂದರೆ ನನಗೆ ಇನ್ನೊಂದು ಕೆಲಸ ಬಂತೆಂದೇ ಅರ್ಥ. ಶೆಲ್ಫಿನಿಂದ ಅರ್ಧ ಕಾದಂಬರಿ ಇಳಿಸಬೇಕು, ಓದಬೇಕು. ಹ್ಯಾಲೋವೀನ್‌ಗೆ ಮೊದಲಿನ ಒಂದು ಶನಿವಾರ ಕಾರ್ಲ್ಸ್‌ಬಾಡ್‌ಗೆ ಡ್ರೈವ್ ಮಾಡಿ, ಲಾಸ್ ಏಂಜಲೀಸ್‌ನಿಂದ ಅಲ್ಲಿಗೆ ಬರುವ ತಂಗಿಗೆ ಅದನ್ನು ಕೊಟ್ಟು, ಅವಳ ಹತ್ತಿರವಿರುವ ಇನ್ನರ್ಧ ತಂದು ಅದನ್ನೂ ಓದಬೇಕು.

ಇದು ಶುರುವಾದದ್ದು ಕೊರೋನಾ ವರ್ಷದಲ್ಲಿ, ಒಬ್ಬರ ಮನೆಗೊಬ್ಬರು ಹೋಗಲು ಹೆದರುತ್ತಿದ್ದಾಗ. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಹೊದಿಕೆಯೊಳಗೆ ತೂರಿಕೊಂಡು ಓದಿದ್ದ ದೆವ್ವದ ಕಾದಂಬರಿ ನನ್ನ ಬಳಿ ಇತ್ತು. ಬೆನ್ನು ಮುರಿದು ಸರಿಯಾಗಿ ಎರಡು ಹೋಳಾಗಿತ್ತು. ಎರಡಕ್ಕೂ ಶಾಲೆಯ ಪುಸ್ತಕದ ಹಾಗೆ ಬ್ರೌನ್ ಪೇಪರ್ ಬೈಂಡ್ ಹಾಕಿ, ಪಾರ್ಕಿಂಗ್ ಲಾಟ್‌ನಲ್ಲಿ ಮಾಸ್ಕ್ ಹಾಕಿಕೊಂಡು ಹಂಚಿಕೊಂಡೆವು. ಕಥೆ ಬಾಯಿಪಾಠವಿದ್ದುದರಿಂದ ಯಾವ ಅರ್ಧ ಮೊದಲು ಓದಿದರೂ ನಡೆಯುತ್ತಿತ್ತು. ಬಾಡಿಗೆ ಮನೆಗೆ ಟೀಚರೊಬ್ಬಳು ಒಂಟಿಯಾಗಿ ಬರುತ್ತಾಳೆ. ದಿನಾ ಸಂಜೆ ಅವಳ ಅಡುಗೆಮನೆಯಲ್ಲಿ ಯಾರೋ ಅಕ್ಕಿ ತೊಳೆಯುವ ಸದ್ದು.

ಆಗ ಹೆದರಿಕೆಯಾಗುತ್ತಿತ್ತು. ಈಗ ಅಕ್ಕಿ ತೊಳೆಯಲು ಯಾರಾದರೂ ಬಂದರೆ ಕುಕ್ಕರನ್ನೂ ಇಟ್ಟು ಹೋಗಮ್ಮ ಎನ್ನುವಷ್ಟು ದಣಿದಿದ್ದೇನೆ. ಆಫೀಸು, ಮಗಳ ಈಜು, ಪಿಯಾನೋ ಎಂದು ವಾರವಿಡೀ ಸ್ಟಿಯರಿಂಗ್ ಹಿಡಿದವಳಿಗೆ ಶನಿವಾರವೂ ಸ್ಟಿಯರಿಂಗ್. "ಅಮ್ಮಾ, ಜಸ್ಟ್ ಬೈ ಅನದರ್ ಕಾಪಿ" ಎನ್ನುತ್ತಾಳೆ ಮಗಳು. ಅದು ಈಗ ಅಚ್ಚಿನಲ್ಲಿಲ್ಲ ಎಂದು ವಿವರಿಸುವುದಕ್ಕೂ ನನಗೆ ಶಕ್ತಿಯಿಲ್ಲ.

ಹೋದ ವರ್ಷವಂತೂ ಎಡವಟ್ಟಾಯಿತು. ಎರಡೂ ಹೋಳುಗಳನ್ನು ತಂಗಿಯ ಕಾರಿನ ಬಾನೆಟ್ ಮೇಲಿಟ್ಟು ಕಾಫಿ ಕುಡಿದೆವು. ಮನೆಗೆ ಬಂದು ನೋಡಿದರೆ ನಾನು ತಂದದ್ದು ನನ್ನದೇ ಮೊದಲರ್ಧ. ಬೈಂಡ್ ಒಂದೇ ಥರ, ಅವಳೂ ತನ್ನದನ್ನೇ ಒಯ್ದಿದ್ದಳು. ಅವಳೇ ಫೋನ್ ಮಾಡುತ್ತಾಳೆಂದು ಸುಮ್ಮನಾದೆ. ಅವಳು ಮಾಡಲಿಲ್ಲ.

ಈ ವರ್ಷ ಇದನ್ನು ನಿಲ್ಲಿಸೋಣ ಎಂದು ಹೇಳಲೇಬೇಕೆಂದು ಹೊರಟೆ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ತಂಗಿ ಗಂಡನಿಂದ ಬೇರೆಯಾಗಿ, ಒಂದು ಅಪಾರ್ಟ್‌ಮೆಂಟ್ ಹಿಡಿದು ಒಬ್ಬಳೇ ಇದ್ದಾಳೆ. ಅದನ್ನು ನಾನಿನ್ನೂ ನೋಡಿಲ್ಲ. ಬರ್ತೀನಿ, ಬರ್ತೀನಿ ಎಂದದ್ದೇ ಬಂತು.

ಅವಳು ನನಗಿಂತ ಮೊದಲೇ ಬಂದು ಕಾಯುತ್ತಿದ್ದಳು. ಕಾರ್ಲ್ಸ್‌ಬಾಡ್ ನನಗೆ ಹತ್ತಿರ, ಅವಳಿಗೇ ದೂರ. ಆದರೂ ಯಾವಾಗಲೂ ಹಾಗೇ. ಹೋದ ವರ್ಷದ ಎಡವಟ್ಟು ಅವಳ ಗಮನಕ್ಕೆ ಬಂದಿದೆಯೋ ನೋಡೋಣವೆಂದು ಕೇಳಿದೆ:

"ಟೀಚರು ಮನೆಗೆ ಬರೋ ಭಾಗ ಓದಿದ್ಯಾ?"

"ಓದ್ದೆ ಅಕ್ಕ. ಯಾವತ್ತಿನ ಹಾಗೆ ಮೈ ಜುಂ ಅಂತು."

"ಹೇಗೆ ಓದ್ದೆ? ಅದು ಒಂದು ವರ್ಷದಿಂದ ನನ್ನ ಮನೇಲೇ ಬಿದ್ದಿದೆ."

ಅವಳು ಬೈಂಡ್ ತೆಗೆದು ನೋಡಿದಳು. ಮುಖ ಕೆಂಪಾಯಿತು. ಬೇರೆಯಾದ ಮೇಲೆ ಒಂದು ಪುಟವನ್ನೂ ಓದಿಲ್ಲವಂತೆ. "ಒಬ್ಳೇ ಇರೋ ಮನೇಲಿ ಅದನ್ನ ಓದಿದ್ರೆ ಅಡುಗೆಮನೆಗೆ ಕಾಲಿಡೋಕಾಗಲ್ಲ."

ನನಗೆ ರೇಗಿಹೋಯಿತು. ನಾನಿಲ್ಲಿ ನಿದ್ದೆಗೆಟ್ಟು ಪುಟ ತಿರುವುತ್ತಿದ್ದರೆ ಇವಳು ಬರೀ ಹೊತ್ತು ತಿರುಗುತ್ತಿದ್ದಾಳೆ! "ಮೊದ್ಲೇ ಹೇಳೋಕೇನಾಗಿತ್ತು? ಈ ಟ್ರಾಫಿಕ್‌ನಲ್ಲಿ ಯಾಕೆ ಬರ್ತೀಯ?"

"ಓದ್ತಾ ಇಲ್ಲ ಅಂದಿದ್ರೆ ನೀನು ಬರ್ತಿದ್ಯಾ?" ಎಂದಳು.

ಬರುತ್ತಿದ್ದೆ ಎನ್ನಲು ಬಾಯಿ ತೆರೆದೆ. ಇಡೀ ದಾರಿ ನಾನು ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆನೋ ಅದು ನನಗೆ ಗೊತ್ತಿತ್ತಲ್ಲ. "ಇಲ್ಲ" ಎಂದೆ. ಅವಳು ತಲೆಯಾಡಿಸಿದಳು. ಅವಳಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

ಕಾಫಿ ಮುಗಿಸಿ ಹೊರಟೆವು, ಅವಳು ಮುಂದೆ, ನಾನು ಹಿಂದೆ. ಮನೆಗೆ ಹೋಗಿ ಮಲಗಿದರೆ ಸಾಕೆನಿಸುತ್ತಿತ್ತು. ಫ್ರೀವೇ ಬಂದಾಗ ಸ್ಯಾನ್ ಡಿಯಾಗೋ ಕಡೆಯ ರ್ಯಾಂಪ್ ಬಿಟ್ಟು ಅವಳ ಕಾರಿನ ಹಿಂದೆಯೇ ಲಾಸ್ ಏಂಜಲೀಸ್ ಕಡೆಗೆ ಹತ್ತಿದೆ.

ಎರಡೇ ನಿಮಿಷಕ್ಕೆ ಅವಳ ಫೋನ್ ಬಂತು. "ಅಕ್ಕ, ದಾರಿ ತಪ್ಪಿದ್ಯ. ನಿಂದು ಆ ಕಡೆ."

"ಗೊತ್ತು ಕಣೆ. ನೀನು ಡ್ರೈವ್ ಮಾಡು" ಎಂದೆ.